ಸಾವಿರ ಪ್ರತಿಗಳು ಯಾರಿಗಾಗಿ?

ಕನ್ನಡದ ಹಳೆಯ ಪುಸ್ತಕವೊಂದರ ಶೀರ್ಷಿಕೆ ಪುಟವನ್ನು ಮಗುಚಿದರೆ ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರಗಳ ಕೆಲವು ಸಾಲುಗಳು ಕಾಣುತ್ತವೆ. ಮೊದಲ ಮುದ್ರಣ ಯಾವ ವರ್ಷ, ಹಕ್ಕುಗಳು ಯಾರವು, ಬೆಲೆ ಎಷ್ಟು, ಅಚ್ಚು ಹಾಕಿದ ಮುದ್ರಣಾಲಯ ಯಾವುದು ಎಂಬ ವಿವರಗಳು ಅಲ್ಲಿರುತ್ತವೆ. ಅವುಗಳ ನಡುವೆ ಅನೇಕ ಪುಸ್ತಕಗಳಲ್ಲಿ ತಪ್ಪದೆ ಬರುವ ಇನ್ನೊಂದು ಸಾಲುಂಟು: 'ಪ್ರತಿಗಳು: 1000'. ಕತೆಯನ್ನೋ ಕವಿತೆಯನ್ನೋ ಓದುವ ಆತುರದಲ್ಲಿರುವವರು ಈ ಸಾಲಿನತ್ತ ಕಣ್ಣು ಹಾಯಿಸುವುದು ಅಪರೂಪ. ಆದರೆ ಬರೆದವರಿಗೂ ಪ್ರಕಟಿಸಿದವರಿಗೂ ಇಡೀ ಪುಸ್ತಕದಲ್ಲಿ ನಿದ್ದೆ ಕೆಡಿಸುವ ಸಾಲು ಇದೊಂದೇ.

ಸಾವಿರವೇ ಏಕೆ? ಆ ಸಾವಿರ ಪ್ರತಿಗಳನ್ನು ಕೊಳ್ಳುವವರು ಯಾರು? ಅವರು ಎಲ್ಲಿದ್ದಾರೆ? ಇಂಥದೊಂದು ಪುಸ್ತಕ ಬಂದಿದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಕನ್ನಡದಲ್ಲಿ ಪುಸ್ತಕ ಪ್ರಕಟಣೆಯ ಚರಿತ್ರೆಯೆಂದರೆ ಈ ಪ್ರಶ್ನೆಗಳಿಗೆ ಒಂದೊಂದು ಕಾಲದವರು ಹುಡುಕಿಕೊಂಡ ಉತ್ತರಗಳ ಚರಿತ್ರೆ. ಮುದ್ರಣದ ತಂತ್ರ ಹಲವು ಬಾರಿ ಬದಲಾಗಿದೆ. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಮೊಳೆಗಳ ಲೆಕ್ಕ

ಕನ್ನಡ ಲಿಪಿ ಅಚ್ಚಿನಲ್ಲಿ ಕಾಣಿಸಿಕೊಂಡದ್ದು ಕನ್ನಡ ನಾಡಿನಿಂದ ಬಹುದೂರದಲ್ಲಿ. ಬಂಗಾಳದ ಸೆರಾಂಪುರದಲ್ಲಿ 1817ರಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣವನ್ನು ಮೊದಲ ಮುದ್ರಿತ ಕನ್ನಡ ಪುಸ್ತಕವೆಂದು ಗುರುತಿಸಲಾಗುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಎರಡು ವರ್ಷಗಳ ಬಳಿಕ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಆರಂಭಿಸಿದರು. ಅಲ್ಲಿಂದ ಮುಂದೆ ಧಾರವಾಡ, ಮೈಸೂರು, ಬೆಂಗಳೂರುಗಳಲ್ಲಿ ಅಚ್ಚುಕೂಟಗಳು ಹುಟ್ಟಿಕೊಂಡವು.

ಸೀಸದ ಮೊಳೆಗಳ ಕಾಲದಲ್ಲಿ ಒಂದು ಪುಸ್ತಕವನ್ನು ಅಚ್ಚು ಹಾಕುವುದೆಂದರೆ ಒಂದೊಂದು ಅಕ್ಷರವನ್ನೂ ಕೈಯಿಂದ ಹೆಕ್ಕಿ ಜೋಡಿಸುವುದು. ಕಾಗು ಗುಣಿತ, ಒತ್ತಕ್ಷರಗಳ ಕನ್ನಡಕ್ಕೆ ಬೇಕಾದ ಮೊಳೆಗಳ ಬಗೆಗಳೂ ಹೆಚ್ಚು. ಡೆಮಿ ಅಷ್ಟಪತ್ರ ಆಕಾರದ ಪುಸ್ತಕದಲ್ಲಿ ಹದಿನಾರು ಪುಟಗಳಿಗೆ ಒಂದು 'ಫಾರಂ'. 160 ಪುಟದ ಕಾದಂಬರಿಯೆಂದರೆ ಹತ್ತು ಫಾರಂ. ಸಣ್ಣ ಅಚ್ಚುಕೂಟದಲ್ಲಿ ಹತ್ತೂ ಫಾರಂಗಳನ್ನು ಜೋಡಿಸಿಟ್ಟುಕೊಳ್ಳುವಷ್ಟು ಮೊಳೆಗಳು ಇರುತ್ತಿರಲಿಲ್ಲ. ಒಂದೆರಡು ಫಾರಂ ಜೋಡಿಸಿ, ಕರಡು ತಿದ್ದಿ, ಅಚ್ಚು ಹಾಕಿದ ಮೇಲೆ ಮೊಳೆಗಳನ್ನು ಬಿಚ್ಚಿ ಆಯಾ ಗೂಡಿಗೆ ಹಾಕಿದರಷ್ಟೇ ಮುಂದಿನ ಫಾರಂ ಜೋಡಿಸಲು ಸಾಧ್ಯ. ಹೀಗಾಗಿ ಪುಸ್ತಕ ಮುಗಿಯುವ ಹೊತ್ತಿಗೆ ಅದರ ಮೊದಲ ಪುಟದ ಮೊಳೆಗಳು ಇನ್ನಾವುದೋ ಲಗ್ನಪತ್ರಿಕೆಯಲ್ಲಿ ಸೇರಿಹೋಗಿರುತ್ತಿದ್ದವು.

ಇದರ ಪರಿಣಾಮ ಸ್ಪಷ್ಟ. ಇನ್ನೂರು ಪ್ರತಿ ಹಾಕಿ, ಖರ್ಚಾದರೆ ಮತ್ತೆ ಇನ್ನೂರು ಹಾಕೋಣ ಎನ್ನುವಂತಿರಲಿಲ್ಲ. ಮತ್ತೊಮ್ಮೆ ಹಾಕಬೇಕೆಂದರೆ ಜೋಡಣೆಯ ಕೂಲಿ ಮತ್ತೆ ಮೊದಲಿನಿಂದ. ಒಮ್ಮೆ ಜೋಡಿಸಿದ ಮೇಲೆ ನೂರು ಹಾಳೆಗೂ ಸಾವಿರ ಹಾಳೆಗೂ ಜೋಡಣೆಯ ವೆಚ್ಚ ಒಂದೇ. ಆದ್ದರಿಂದ ಪ್ರತಿಯೊಂದರ ವೆಚ್ಚ ಕೈಗೆಟುಕುವಂತೆ ಇಳಿಯಬೇಕಾದರೆ ಸಾವಿರದಷ್ಟಾದರೂ ಹಾಕಲೇಬೇಕು. ಸಾವಿರವೆಂಬುದು ಕೊಳ್ಳುವವರನ್ನು ಎಣಿಸಿ ತೆಗೆದ ಸಂಖ್ಯೆಯಲ್ಲ. ಅದು ಅಚ್ಚಿನ ಮನೆಯ ಲೆಕ್ಕ. ಓದುಗರನ್ನು ಆ ಲೆಕ್ಕಕ್ಕೆ ಹೊಂದಿಸುವ ಹೊಣೆ ಬರೆದವರ ಮೇಲೆ ಬಿತ್ತು.

ಗಂಟು ಹೊತ್ತ ಕಾದಂಬರಿಕಾರ

ಈ ಹೊಣೆಯನ್ನು ಅಕ್ಷರಶಃ ಹೊತ್ತವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ (1869-1942) ಎಂಬುದು ಅವರ ಹೆಸರು. ಇಂದಿನ ಹಾವೇರಿ ಜಿಲ್ಲೆಯಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವಲ್ಲಿರುವ ಗಳಗನಾಥ ಅವರ ಊರು. ಮುಂಬಯಿ ಪ್ರಾಂತದ ಶಾಲಾ ಮಾಸ್ತರರಾಗಿ ದುಡಿದ ಅವರ 'ಪ್ರಬುದ್ಧ ಪದ್ಮನಯನೆ' 1898ರಲ್ಲಿ ಹೊರಬಂತು. ಧಾರವಾಡದಲ್ಲಿ 1890ರಲ್ಲಿ ಸ್ಥಾಪನೆಯಾಗಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘ ಅದಕ್ಕೆ ಬಹುಮಾನವಿತ್ತಿತು.

ಬಹುಮಾನ ಬಂದ ಮಾತ್ರಕ್ಕೆ ಓದುಗರು ಬರಲಿಲ್ಲ. ಆ ಭಾಗದಲ್ಲಿ ಶಾಲೆ, ಕಚೇರಿ, ಸಭೆಗಳಲ್ಲೆಲ್ಲ ಮರಾಠಿಯ ಪ್ರಾಬಲ್ಯ. ಓದು ಬಲ್ಲವರು ಮರಾಠಿ ಪುಸ್ತಕ ಹಿಡಿಯುತ್ತಿದ್ದರು. ಕನ್ನಡದಲ್ಲಿಯೂ ಅಂಥ ರಸವತ್ತಾದ ಕಾದಂಬರಿ ಇರಬಹುದೆಂಬ ಕಲ್ಪನೆಯೇ ಹಲವರಿಗಿರಲಿಲ್ಲ. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದದ್ದು, ವಿಜಯನಗರ ಸ್ಥಾಪನೆಯ ಕಥೆಯನ್ನು 'ಮಾಧವ ಕರುಣಾ ವಿಲಾಸ'ದಲ್ಲಿ ಹೇಳಿದ್ದು ಈ ಹಿನ್ನೆಲೆಯಲ್ಲಿ. ಬರೆದು, ಅಚ್ಚು ಹಾಕಿಸಿ, ಆ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು.

ಕನ್ನಡದ ಬಡತನಕ್ಕೂ ಸಾಹಿತಿಯ ತ್ಯಾಗಕ್ಕೂ ಉದಾಹರಣೆಯಾಗಿ ಈ ಸಂಗತಿಯನ್ನು ಸಭೆಗಳಲ್ಲಿ ಮತ್ತೆ ಮತ್ತೆ ನೆನೆಯುವುದುಂಟು. ಅದು ನಿಜವೇ. ಆದರೆ ಅದರಲ್ಲಿ ವ್ಯವಹಾರದ ತಿಳಿವಳಿಕೆಯೂ ಇತ್ತೆಂಬುದನ್ನು ಮರೆಯಬಾರದು. ಕನ್ನಡ ಮಾತನಾಡುವವರು ಆಗ ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು ಎಂದು ಹಂಚಿಹೋಗಿದ್ದರು. ಒಂದು ಭಾಗದ ಪುಸ್ತಕ ಇನ್ನೊಂದು ಭಾಗದ ಅಂಗಡಿಗೆ ತಲುಪುವ ವ್ಯವಸ್ಥೆ ಇರಲಿಲ್ಲ. ಅಂಗಡಿಗಳೇ ಬೆರಳೆಣಿಕೆ. ಅಂಗಡಿಯಿಲ್ಲದ ಕಡೆ ಲೇಖಕನೇ ಅಂಗಡಿಯಾಗಬೇಕಿತ್ತು.

ಇದರ ಜೊತೆಗೆ ಅವರಲ್ಲಿ ಇನ್ನೊಂದು ಸಾಧನವಿತ್ತು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಡತೊಡಗಿದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಅವರು ನಡೆಸಿದರು. ಪತ್ರಿಕೆಗೆ ಚಂದಾದಾರನಾದವನ ಹೆಸರು, ವಿಳಾಸ ಪತ್ರಿಕೆ ನಡೆಸುವವನಿಗೆ ಗೊತ್ತಿರುತ್ತದೆ. ತಿಂಗಳಿಗೊಮ್ಮೆ ಕನ್ನಡ ಓದಿ ರೂಢಿಯಾದ ಮನೆಗೆ ಕನ್ನಡ ಕಾದಂಬರಿ ಹೊಸತಲ್ಲ. ಮನೆಬಾಗಿಲಲ್ಲಿ ನಿಂತು ಮಾರುವವನಿಗೆ ಓದುಗನ ಮುಖ ಕಾಣುತ್ತದೆ. ಚಂದಾ ವಹಿ ಇಟ್ಟವನಿಗೆ ಓದುಗನ ವಿಳಾಸ ಸಿಗುತ್ತದೆ. ಗಳಗನಾಥರಿಗೆ ಎರಡೂ ಇದ್ದವು.

ಪಶ್ಚಿಮದಲ್ಲೂ ಇದೇ ಪಾಡು

ಲೇಖಕ ತನ್ನ ಪುಸ್ತಕವನ್ನು ತಾನೇ ಮಾರುವುದು, ತಾನೇ ಪ್ರಚಾರ ಮಾಡುವುದು ಕನ್ನಡಕ್ಕೆ ಮಾತ್ರ ಬಂದ ಪರಿಸ್ಥಿತಿ ಎಂದು ಭಾವಿಸಬೇಕಾಗಿಲ್ಲ. ಇಂಗ್ಲಿಷ್ ಕವಿ ಅಲೆಕ್ಸಾಂಡರ್ ಪೋಪ್ ಹೋಮರನ 'ಇಲಿಯಡ್' ಮಹಾಕಾವ್ಯದ ಅನುವಾದವನ್ನು 1715ರಿಂದ 1720ರವರೆಗೆ ಆರು ಸಂಪುಟಗಳಲ್ಲಿ ತಂದದ್ದು ಮುಂಗಡ ಚಂದಾದಾರರ ಬಲದಿಂದ. ಸಂಪುಟಕ್ಕೆ ಒಂದು ಗಿನಿಯಂತೆ ಕೊಡಲು ಒಪ್ಪಿದವರ ಹೆಸರುಗಳ ಪಟ್ಟಿ ಪುಸ್ತಕದಲ್ಲಿಯೇ ಅಚ್ಚಾಯಿತು. ಹೆಸರು ಅಚ್ಚಾಗುವ ಹೆಮ್ಮೆಯೂ ಚಂದಾ ಕೊಡಲು ಒಂದು ಕಾರಣವಾಗಿತ್ತು. ದೊರೆಗಳ ಆಶ್ರಯವಿಲ್ಲದೆ ಲೇಖನಿಯಿಂದಲೇ ಸ್ವತಂತ್ರವಾಗಿ ಬಾಳಬಹುದೆಂದು ಪೋಪ್ ತೋರಿಸಿದ್ದು ಹೀಗೆ.

ಅಮೆರಿಕದ ವಾಲ್ಟ್ ವಿಟ್ಮನ್ ಇನ್ನೂ ಮುಂದೆ ಹೋದ. 1855ರಲ್ಲಿ ತನ್ನ 'ಲೀವ್ಸ್ ಆಫ್ ಗ್ರಾಸ್' ಕವನ ಸಂಕಲನವನ್ನು ಬ್ರೂಕ್ಲಿನ್ನಿನ ಒಂದು ಸಣ್ಣ ಅಚ್ಚುಕೂಟದಲ್ಲಿ ಸ್ವಂತ ಖರ್ಚಿನಿಂದ ಅಚ್ಚು ಹಾಕಿಸಿದ. ಕೆಲವು ಪುಟಗಳ ಮೊಳೆಗಳನ್ನು ತಾನೇ ಜೋಡಿಸಿದ. ಪತ್ರಿಕೆಗಳಿಗೆ ಹೆಸರು ಹಾಕದೆ ತನ್ನ ಪುಸ್ತಕದ ವಿಮರ್ಶೆಯನ್ನೂ ತಾನೇ ಬರೆದ. ಚಿಂತಕ ಎಮರ್ಸನ್ ಮೆಚ್ಚಿ ಬರೆದ ಖಾಸಗಿ ಕಾಗದವೊಂದನ್ನು ಅವರ ಅನುಮತಿ ಕೇಳದೆ ಪತ್ರಿಕೆಯಲ್ಲಿ ಪ್ರಕಟವಾಗಲು ಬಿಟ್ಟ. ಮರುವರ್ಷದ ಆವೃತ್ತಿಯಲ್ಲಿ ಆ ಕಾಗದದ ಒಂದು ಸಾಲನ್ನು ಪುಸ್ತಕದ ಬೆನ್ನಿನ ಮೇಲೆ ಬಂಗಾರದ ಅಕ್ಷರಗಳಲ್ಲಿ ಹಾಕಿಸಿದ. ಇಂದಿನ ಬೆನ್ನುಡಿ, ಹೊಗಳಿಕೆಯ ಮಾತುಗಳ ಹಾವಳಿಗೆ ಇದು ಹಿರಿಯಣ್ಣ.

ವಿಟ್ಮನ್ನನ ನಡೆ ಸರಿಯೇ ತಪ್ಪೇ ಎಂಬುದು ಬೇರೆ ಮಾತು. ಮೊದಲ ಆವೃತ್ತಿಯ ಪ್ರತಿಗಳಲ್ಲಿ ಮಾರಾಟವಾದದ್ದು ಕಡಿಮೆಯೇ. ಪುಸ್ತಕವನ್ನು ಉಳಿಸಿದ್ದು ಅವನ ಜಾಹೀರಾತಲ್ಲ. ಓದಿದ ಕೆಲವರು ಇನ್ನು ಕೆಲವರಿಗೆ ಹೇಳಿದ್ದು. ಪ್ರಚಾರದಿಂದ ಆಗುವುದು ಮೊದಲ ಓದುಗನನ್ನು ಹುಡುಕುವ ಕೆಲಸ. ಎರಡನೆಯ ಓದುಗನನ್ನು ತರಬೇಕಾದವನು ಮೊದಲನೆಯ ಓದುಗನೇ.

ಧಾರವಾಡದ ಅಟ್ಟ

ಮುಂಗಡ ಚಂದಾದ ಉಪಾಯ ಕನ್ನಡದಲ್ಲಿ ಗಟ್ಟಿಯಾಗಿ ನೆಲೆನಿಂತದ್ದು ಧಾರವಾಡದಲ್ಲಿ. 'ಜಡಭರತ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ವ್ಯವಸ್ಥೆ ಸರಳವಾದದ್ದು. ವರ್ಷದ ಚಂದಾ ಕೊಟ್ಟವರಿಗೆ ಆ ವರ್ಷ ಮಾಲೆಯಲ್ಲಿ ಬರುವ ಪುಸ್ತಕಗಳು ಮನೆಗೆ ಬರುತ್ತವೆ. ಯಾವ ಪುಸ್ತಕ ಎಂದು ಚಂದಾದಾರ ಆರಿಸುವುದಿಲ್ಲ. ಮಾಲೆಯವರ ಆಯ್ಕೆಯನ್ನು ನಂಬುತ್ತಾನೆ. ಆ ನಂಬಿಕೆಯೇ ಪ್ರಕಾಶನದ ಬಂಡವಾಳ.

ಹೊಸ ಲೇಖಕನಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಹೆಸರೇ ಕೇಳಿರದ ತರುಣನೊಬ್ಬನ ಮೊದಲ ನಾಟಕವನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವವರು ಎಷ್ಟು ಜನ? ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಈ ಮಾಲೆಯಲ್ಲಿ ಪ್ರಕಟವಾದಾಗ ಅವರಿಗೆ ಇಪ್ಪತ್ತಮೂರು ವರ್ಷ. ಹೊಸಬರ ಪುಸ್ತಕವೂ ಹಳಬರ ಪುಸ್ತಕದ ಜೊತೆಯಲ್ಲಿಯೇ ಚಂದಾದಾರನ ಮನೆ ಸೇರುತ್ತಿತ್ತು. ಸಾಹಿತ್ಯಾಸಕ್ತರು 'ಅಟ್ಟ' ಎಂದೇ ಕರೆಯುವ ಗ್ರಂಥಮಾಲೆಯ ಕಚೇರಿ ಬರಹಗಾರರೂ ವಿಮರ್ಶಕರೂ ಕೂಡುವ ಜಾಗವಾಯಿತು. ಹಸ್ತಪ್ರತಿಯೊಂದು ಅಚ್ಚಿಗೆ ಹೋಗುವ ಮೊದಲೇ ಅದನ್ನು ಓದಿ ಜಗಳವಾಡುವವರು ಅಲ್ಲಿದ್ದರು.

ಇದೇ ಕಾಲದಲ್ಲಿ ಕನ್ನಡದ ಹಿರಿಯ ಲೇಖಕರಲ್ಲಿ ಹಲವರು ಇನ್ನೊಂದು ದಾರಿ ಹಿಡಿದರು. ಶಿವರಾಮ ಕಾರಂತರು ಪುತ್ತೂರಿನ ಹರ್ಷ ಪ್ರಕಟಣಾಲಯದ ಮೂಲಕ ತಮ್ಮ ಅನೇಕ ಪುಸ್ತಕಗಳನ್ನು ತಾವೇ ಹೊರತಂದರು. ಮಾಸ್ತಿಯವರಿಗೆ ಜೀವನ ಕಾರ್ಯಾಲಯವಿತ್ತು. ಕುವೆಂಪು ಅವರ ಕೃತಿಗಳು ಮೈಸೂರಿನ ಉದಯರವಿ ಪ್ರಕಾಶನದಿಂದ ಬಂದವು. ಪ್ರಕಾಶಕರು ಸಿಗದೆ ಕಂಗೆಟ್ಟವರ ಕೆಲಸವಲ್ಲ ಇದು. ತಮ್ಮ ಬರಹ ಹೇಗೆ ಅಚ್ಚಾಗಬೇಕು, ಬೆಲೆ ಎಷ್ಟಿರಬೇಕು, ಯಾವಾಗ ಮರುಮುದ್ರಣವಾಗಬೇಕು ಎಂಬ ನಿರ್ಧಾರ ತಮ್ಮ ಕೈಯಲ್ಲೇ ಇರಲಿ ಎಂಬ ಎಚ್ಚರವೂ ಇದರಲ್ಲಿ ಇತ್ತು. ಸ್ವಂತ ಪ್ರಕಟಣೆಯೆಂದರೆ ಕೀಳು ಎಂಬ ಭಾವನೆ ಕನ್ನಡದಲ್ಲಿ ಬೇರೂರದಿರಲು ಇಂಥ ಹಿರಿಯರ ಮಾದರಿಯೂ ಒಂದು ಕಾರಣ.

ವಾರಪತ್ರಿಕೆಯ ಬಾಗಿಲು

1956ರಲ್ಲಿ ರಾಜ್ಯ ಒಂದಾದ ಮೇಲೆ ಕನ್ನಡದ ಓದುಗರಿಗೆ ಒಂದೇ ಅಂಗಳ ಸಿಕ್ಕಿತು. ಅದೇ ವರ್ಷ ಹುಬ್ಬಳ್ಳಿಯಿಂದ ಹೊರಟ 'ಕಸ್ತೂರಿ' ತನ್ನ ಪುಸ್ತಕ ವಿಭಾಗದಲ್ಲಿ ಒಂದೊಂದು ಕೃತಿಯ ಸಂಗ್ರಹವನ್ನು ಕೊಡುತ್ತ ಬಂತು. 1965ರಲ್ಲಿ 'ಸುಧಾ', 1983ರಲ್ಲಿ 'ತರಂಗ' ಬಂದವು. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಗೆ ಪುಸ್ತಕವಾಗುವ ಮೊದಲೇ ಓದುಗರಿರುತ್ತಿದ್ದರು. ಮುಂದಿನ ಕಂತಿಗಾಗಿ ಕಾದು ಕುಳಿತ ಮನೆಗಳಲ್ಲಿ ಒಂದು ಸಣ್ಣ ಪಾಲು ಪುಸ್ತಕ ಕೊಂಡರೂ ಸಾವಿರ ಪ್ರತಿ ಲೆಕ್ಕಕ್ಕಿಲ್ಲ.

ಅ.ನ.ಕೃ., ತ.ರಾ.ಸು., ತ್ರಿವೇಣಿ ಮೊದಲಾದವರ ಕಾದಂಬರಿಗಳನ್ನು ಪೇಟೆಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳು ದಿನಬಾಡಿಗೆಗೆ ಕೊಟ್ಟು ಮನೆಮನೆಗೆ ಮುಟ್ಟಿಸಿದವು. ಒಂದೇ ಪ್ರತಿ ರಟ್ಟು ಹರಿಯುವವರೆಗೆ ನೂರಾರು ಕೈ ದಾಟುತ್ತಿತ್ತು. ಅದರ ಮೇಲೆ ಸಿನಿಮಾ ಬಂತು. ತ್ರಿವೇಣಿಯವರ 'ಬೆಳ್ಳಿಮೋಡ' 1967ರಲ್ಲಿ, ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ 'ನಾಗರಹಾವು' 1972ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರಗಳಾದಾಗ ಚಿತ್ರ ನೋಡಿದವರು ಪುಸ್ತಕ ಹುಡುಕಿಕೊಂಡು ಹೋದರು. ಲೇಖಕ ಪ್ರಚಾರಕ್ಕೆಂದು ಬೇರೆಯಾಗಿ ಏನೂ ಮಾಡಬೇಕಾಗಿರಲಿಲ್ಲ. ಓದುಗರನ್ನು ಕಲೆಹಾಕುವ ಕೆಲಸವನ್ನು ಪತ್ರಿಕೆ, ಲೈಬ್ರರಿ, ಚಿತ್ರಮಂದಿರಗಳು ಮಾಡುತ್ತಿದ್ದವು.

ಟೆಲಿವಿಷನ್ ಮನೆಗಳನ್ನು ಹೊಕ್ಕ ಮೇಲೆ ಆ ಸಂಜೆಯ ಓದು ಸಂಜೆಯ ಧಾರಾವಾಹಿಗೆ ಸಂದಿತು. ಬಾಡಿಗೆ ಲೈಬ್ರರಿಗಳು ಒಂದೊಂದಾಗಿ ಮುಚ್ಚಿದವು.

ಮುನ್ನೂರು ಪ್ರತಿಯ ಭರವಸೆ

ಅಷ್ಟರಲ್ಲಿ ಇನ್ನೊಬ್ಬ ದೊಡ್ಡ ಗಿರಾಕಿ ಬಂದಾಗಿತ್ತು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಸಂಗ್ರಹಿಸಲಾಗುತ್ತದೆ. ಆ ಹಣದಿಂದ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳಬೇಕು. ಆಯ್ಕೆ ಸಮಿತಿ ಒಪ್ಪಿದ ಪುಸ್ತಕಗಳನ್ನು ಇಲಾಖೆ ಸಗಟಾಗಿ ಕೊಳ್ಳುವ ಪದ್ಧತಿ ಹೀಗೆ ಬೆಳೆಯಿತು. ಒಂದು ಶೀರ್ಷಿಕೆಯ ಸುಮಾರು ಮುನ್ನೂರು ಪ್ರತಿ, ಪುಟಕ್ಕೆ ಇಷ್ಟೆಂದು ಸರ್ಕಾರ ನಿಗದಿ ಮಾಡಿದ ದರ.

ಈ ಖರೀದಿ ಕನ್ನಡ ಪ್ರಕಾಶನವನ್ನು ಕಾಪಾಡಿತು ಎನ್ನುವುದರಲ್ಲಿ ಅತಿಶಯವಿಲ್ಲ. ಕವನ ಸಂಕಲನ, ವಿಮರ್ಶೆ, ಜಾನಪದ ಸಂಗ್ರಹ, ವಿಜ್ಞಾನ ಲೇಖನಗಳಂಥ ಪುಸ್ತಕಗಳು ಅಂಗಡಿಯ ವ್ಯಾಪಾರವನ್ನೇ ನೆಚ್ಚಿದ್ದರೆ ಬೆಳಕು ಕಾಣುತ್ತಿರಲಿಲ್ಲ. ಸಣ್ಣ ಊರಿನ ಓದುಗನಿಗೂ ಅವು ದೊರೆಯುವಂತಾಯಿತು.

ಆದರೆ ಇದರಿಂದ ಒಂದು ಹಾನಿಯೂ ಆಯಿತು. ಅಚ್ಚಿನ ಖರ್ಚಿನ ಬಹುಭಾಗ ಒಬ್ಬನೇ ಗಿರಾಕಿಯಿಂದ ಬರುವುದಾದರೆ ಉಳಿದ ಓದುಗರನ್ನು ಹುಡುಕುವ ಆತುರ ಕಡಿಮೆಯಾಗುತ್ತದೆ. ಪುಟದ ಲೆಕ್ಕದಲ್ಲಿ ಬೆಲೆಯಿದ್ದಾಗ ಪುಟ ಹೆಚ್ಚಿಸುವ ಆಸೆ ಹುಟ್ಟುತ್ತದೆ. ಪುಸ್ತಕ ಎಲ್ಲಿ ಹೋಯಿತು, ಯಾರು ಓದಿದರು, ಏನೆಂದರು ಎಂಬುದು ಬರೆದವನಿಗೆ ತಿಳಿಯುವುದಿಲ್ಲ. ಆಯ್ಕೆಯೋ ಹಣ ಪಾವತಿಯೋ ತಡವಾದ ವರ್ಷಗಳಲ್ಲಿ ಸಣ್ಣ ಪ್ರಕಾಶಕರು ಸಾಲದಲ್ಲಿ ಸಿಲುಕಿದರು. ಗಳಗನಾಥರಿಗೆ ಓದುಗನ ಮುಖ ಕಾಣುತ್ತಿತ್ತು. ಸಗಟು ಖರೀದಿಯನ್ನೇ ನಂಬಿದ ಪುಸ್ತಕಕ್ಕೆ ಕಾಣುವುದು ಆದೇಶಪತ್ರ ಮಾತ್ರ.

1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಧನಸಹಾಯ ನೀಡುತ್ತದೆ. ಮೊದಲ ಪುಸ್ತಕಕ್ಕಾಗಿ ಮನೆಯ ಉಳಿತಾಯವನ್ನು ಕರಗಿಸಬೇಕಾದವರಿಗೆ ಇದು ದೊಡ್ಡ ಆಸರೆ. ಸಹಾಯಧನದಿಂದ ಪುಸ್ತಕ ಅಚ್ಚಾಗುತ್ತದೆ. ಮುಂದಿನ ಪ್ರಶ್ನೆ ಮತ್ತೆ ಹಳೆಯದೇ: ಅಚ್ಚಾದ ಪ್ರತಿಗಳು ಓದುಗರ ಮನೆ ಸೇರುತ್ತವೆಯೋ, ಲೇಖಕರ ಮನೆಯ ಅಟ್ಟ ಸೇರುತ್ತವೆಯೋ?

ಕಾಗದದ ಮೇಲಿನ ಮಾತು

ಪ್ರಕಾಶಕರು ಸಿಕ್ಕರೆಂಬ ಸಂತೋಷದಲ್ಲಿ ಹೊಸ ಲೇಖಕರು ಮರೆಯುವ ಸಂಗತಿಯೆಂದರೆ ಒಪ್ಪಂದ. ಕನ್ನಡದಲ್ಲಿ ಬಾಯಿಮಾತಿನ ವ್ಯವಹಾರವೇ ಹೆಚ್ಚು. 'ನಮ್ಮವರೇ ಅಲ್ಲವೆ' ಎಂಬ ಸಂಕೋಚ ಎರಡೂ ಕಡೆ ಇರುತ್ತದೆ. ಆದರೆ 1957ರ ಕೃತಿಸ್ವಾಮ್ಯ ಕಾಯಿದೆಯ ದೃಷ್ಟಿಯಲ್ಲಿ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷಕ್ಕೆ ಎಂದೇ ಅರ್ಥ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಸುಮ್ಮನಿದ್ದಲ್ಲಿ ಆ ವರ್ಗಾವಣೆ ತಾನಾಗಿಯೇ ಬಿದ್ದುಹೋಗುತ್ತದೆ. ಲೇಖಕರ ಕಾಲಾನಂತರವೂ ಅರವತ್ತು ವರ್ಷ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. ಅನುವಾದ, ಸಿನಿಮಾ, ಧ್ವನಿಪುಸ್ತಕಗಳ ಹಕ್ಕುಗಳು ಅಚ್ಚಿನ ಹಕ್ಕಿನಿಂದ ಬೇರೆ. ಸಹಿ ಹಾಕುವ ಮೊದಲು ಇವುಗಳನ್ನು ಬಿಡಿಬಿಡಿಯಾಗಿ ನೋಡಬೇಕು.

ಲಾಭದ ಲೆಕ್ಕವನ್ನೂ ನೋಡಬಹುದು. ಪುಸ್ತಕದ ಮುಖಬೆಲೆ ರೂ. 200 ಎಂದಿಟ್ಟುಕೊಳ್ಳಿ. ಮಾರುವ ಅಂಗಡಿಗೆ ಅದರಲ್ಲಿ ಮೂರನೆಯ ಒಂದು ಪಾಲು ರಿಯಾಯಿತಿ ಹೋದರೆ ಪ್ರಕಾಶಕರಿಗೆ ಉಳಿಯುವುದು ಸುಮಾರು ರೂ. 133. ಕಾಗದ, ಅಚ್ಚು, ರಟ್ಟು, ಅಂಚೆ, ಗೋದಾಮು ಎಲ್ಲವೂ ಇದರಲ್ಲೇ ಆಗಬೇಕು. ಲೇಖಕರ ರಾಯಧನ ಶೇಕಡಾ 10 ಎಂದಾದರೆ ಪ್ರತಿಗೆ ರೂ. 20. ಸಾವಿರ ಪ್ರತಿಯೂ ಖರ್ಚಾದರೆ ರೂ. 20,000. ಎರಡು ಮೂರು ವರ್ಷ ಬರೆದ ಕಾದಂಬರಿಗೆ ಬರುವ ಹಣ ಇಷ್ಟು. ಅದೂ ಅನೇಕ ಸಲ ಹಣದ ಬದಲು ಪುಸ್ತಕದ ಪ್ರತಿಗಳ ರೂಪದಲ್ಲಿ ಬರುತ್ತದೆ. ಲೇಖಕರೇ ಖರ್ಚು ಪೂರ್ತಿ ಭರಿಸಿ, ಪ್ರಕಾಶನದ ಹೆಸರು ಮಾತ್ರ ಬೇರೆಯವರದಾಗಿರುವ ಏರ್ಪಾಟೂ ಉಂಟು. ಅದರಲ್ಲಿ ತಪ್ಪೇನಿಲ್ಲ. ಆದರೆ ಮಾರುವ ಹೊಣೆ ಯಾರದು, ಉಳಿದ ಪ್ರತಿ ಯಾರಿಗೆ ಎಂಬುದು ಮೊದಲೇ ಕಾಗದದ ಮೇಲೆ ಇರಬೇಕು.

ಪ್ರಕಾಶಕರಿಗೂ ಒಂದು ಕರ್ತವ್ಯವಿದೆ. 1954ರ ಕಾಯಿದೆಯಂತೆ ಪುಸ್ತಕ ಹೊರಬಂದ ಮೂವತ್ತು ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಗಳ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ನೂರು ವರ್ಷಗಳ ನಂತರ ಆ ಪುಸ್ತಕವನ್ನು ಹುಡುಕಿ ಬರುವವರಿಗೆ ಸಿಗುವ ಪ್ರತಿ ಬಹುಶಃ ಅದೊಂದೇ ಆಗಿರಬಹುದು.

ಬಿಡುಗಡೆಯ ಮರುದಿನ

ಇಂದು ಪುಸ್ತಕದ ಪ್ರಚಾರವೆಂದರೆ ಮೊದಲು ನೆನಪಾಗುವುದು ಬಿಡುಗಡೆ ಸಮಾರಂಭ. ಭಾನುವಾರದ ಬೆಳಗು, ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕ, ಹಿರಿಯರೊಬ್ಬರ ಅಧ್ಯಕ್ಷತೆ, ಕೊನೆಗೆ ಉಪ್ಪಿಟ್ಟು ಕಾಫಿ. ಸಭೆಯಲ್ಲಿ ಇರುವವರಲ್ಲಿ ಹೆಚ್ಚಿನವರು ಇನ್ನೊಂದು ಭಾನುವಾರ ತಮ್ಮ ಪುಸ್ತಕ ಬಿಡುಗಡೆ ಮಾಡಿಸುವವರು. ಸ್ನೇಹದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಮಾರಾಟದ ದೃಷ್ಟಿಯಿಂದ ಮುಖ್ಯವಾದದ್ದು ಮರುದಿನ. ಪತ್ರಿಕೆಗಳಿಗೆ ವಿಮರ್ಶೆಗೆಂದು ಕಳಿಸಿದ ಪ್ರತಿ 'ಸಾದರ ಸ್ವೀಕಾರ'ದ ಪಟ್ಟಿಯಲ್ಲಿ ಒಂದು ಸಾಲಾಗಿ ಮುಗಿಯಬಹುದು. ಪುಸ್ತಕದ ವಿಷಯಕ್ಕೆ ನಿಜವಾಗಿ ಸಂಬಂಧಪಟ್ಟವರನ್ನು ತಲುಪಿದ ಪ್ರತಿ ಮಾತ್ರ ಮುಂದೆ ನಡೆಯುತ್ತದೆ. ಅಡಿಕೆ ಬೆಳೆಯ ಪುಸ್ತಕ ಮಾರಾಟವಾಗಬೇಕಾದದ್ದು ಬೆಳೆಗಾರರ ಸಭೆಯಲ್ಲಿ. ಯಕ್ಷಗಾನ ಪ್ರಸಂಗದ ಪುಸ್ತಕ ರಂಗಸ್ಥಳದ ಬದಿಯಲ್ಲಿ. ಮಕ್ಕಳ ಪುಸ್ತಕ ಶಾಲೆಯ ಅಂಗಳದಲ್ಲಿ. ಕನ್ನಡ ಸಾಹಿತ್ಯ ಸಮ್ಮೇಳನಗಳ ಪುಸ್ತಕ ಮಳಿಗೆಗಳಲ್ಲಿ ನೂಕುನುಗ್ಗಲಾಗುವುದನ್ನು ಕಂಡವರು ಕನ್ನಡಕ್ಕೆ ಕೊಳ್ಳುವ ಓದುಗರಿಲ್ಲ ಎಂದು ಹೇಳಲಾರರು.

ಓದುಗರು ಮೊದಲೇ ಸಿದ್ಧವಾಗಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಎಸ್.ಎಲ್. ಭೈರಪ್ಪನವರ 'ಆವರಣ' 2007ರಲ್ಲಿ ಬಿಡುಗಡೆಗೆ ಮುನ್ನವೇ ಮಾರಾಟವಾಗಿ ಮುಗಿದು ಸುದ್ದಿಯಾಯಿತು. ಅದು ಒಂದು ದಿನದ ಜಾಹೀರಾತಿನ ಫಲವಲ್ಲ. ಹಲವು ದಶಕಗಳಲ್ಲಿ ಒಂದೊಂದು ಕಾದಂಬರಿಯಿಂದ ಕೂಡಿಕೊಂಡ ಓದುಗರು ಅವರು.

ದೂರದ ಓದುಗನಿಗೆ ಪುಸ್ತಕ ಮುಟ್ಟಿಸುವ ಹಳೆಯ ಗೆಳೆಯ ಅಂಚೆ. ವಿ.ಪಿ.ಪಿ.ಯಲ್ಲಿ ಪುಸ್ತಕ ತರಿಸಿ ಅಂಚೆಯವನಿಗೆ ದುಡ್ಡು ಕೊಟ್ಟು ಬಿಡಿಸಿಕೊಂಡ ನೆನಪು ಹಳ್ಳಿಯ ಓದುಗರಲ್ಲಿ ಇನ್ನೂ ಇದೆ. ಪುಸ್ತಕಗಳಿಗಿದ್ದ ರಿಯಾಯಿತಿ ದರದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ ಸಣ್ಣ ಪ್ರಕಾಶಕರು ದಿಗಿಲುಗೊಂಡದ್ದು ಸಹಜ. ನೂರು ರೂಪಾಯಿಯ ಪುಸ್ತಕಕ್ಕೆ ಅಂಚೆಯ ವೆಚ್ಚವೇ ಅದರ ಅರ್ಧದಷ್ಟಾದರೆ ಕೊಳ್ಳುವವರು ಯಾರು? 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ರಿಯಾಯಿತಿ ಸೇವೆ ಆರಂಭವಾದದ್ದರಿಂದ ಸ್ವಲ್ಪ ನೆಮ್ಮದಿ ದೊರೆಯಿತು.

ಇತ್ತ ಮುದ್ರಣದ ಲೆಕ್ಕವೂ ತಲೆಕೆಳಗಾಗಿದೆ. ಮೊಳೆಗಳ ಕಾಲ ಮುಗಿದು ಡಿಟಿಪಿ ಬಂತು. ಈಗ ಡಿಜಿಟಲ್ ಮುದ್ರಣದಲ್ಲಿ ಐವತ್ತು ಪ್ರತಿಯನ್ನೂ ಹಾಕಿಸಬಹುದು. ಕೇಳಿದವರಿಗೆ ಕೇಳಿದಷ್ಟೇ ಪ್ರತಿ ಅಚ್ಚು ಹಾಕಿ ಕಳಿಸುವ ಏರ್ಪಾಟೂ ಇದೆ. ಸಾವಿರ ಪ್ರತಿಯ ಕಡ್ಡಾಯ ತಪ್ಪಿತು. ಅಟ್ಟ ತುಂಬುವ ಭಯ ಕಡಿಮೆಯಾಯಿತು. ಆದರೆ ಐವತ್ತು ಪ್ರತಿ ಹಾಕಿ ನೆಂಟರಿಷ್ಟರಿಗೆ ಹಂಚಿ ಸುಮ್ಮನಾಗುವ ಸುಲಭದ ದಾರಿಯೂ ತೆರೆಯಿತು. ಸಾವಿರ ಪ್ರತಿಯ ಭಾರ ಲೇಖಕರನ್ನು ಮನೆಯಿಂದ ಹೊರಗೆ ನಡೆಸುತ್ತಿತ್ತು. ಆ ಭಾರವಿಲ್ಲದಿದ್ದರೂ ಹೊರಗೆ ಹೋಗಿ ಓದುಗರನ್ನು ಹುಡುಕಬೇಕೆಂಬ ಮನಸ್ಸು ಉಳಿಯುವುದೇ ಎಂಬುದು ಈ ಕಾಲದ ಪ್ರಶ್ನೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆಯಿತು. ಅನುವಾದಕಿ ದೀಪಾ ಭಾಸ್ತಿ. ಸಣ್ಣಕತೆಗಳ ಸಂಕಲನವೊಂದಕ್ಕೆ ಈ ಬಹುಮಾನ ಬಂದದ್ದು ಅದೇ ಮೊದಲು. ಕನ್ನಡಿಗರು ಹೆಮ್ಮೆಪಟ್ಟ ಆ ದಿನಗಳಲ್ಲಿ ಹೆಚ್ಚು ಚರ್ಚೆಗೆ ಬರದ ಸಂಗತಿಯೊಂದಿದೆ. ಪುಸ್ತಕವನ್ನು ಇಂಗ್ಲೆಂಡಿನಲ್ಲಿ ಹೊರತಂದ 'ಆಂಡ್ ಅದರ್ ಸ್ಟೋರೀಸ್' ದೊಡ್ಡ ಕಂಪನಿಯಲ್ಲ. ಮುಂಗಡ ಚಂದಾ ಕೊಟ್ಟ ಓದುಗರ ಬೆಂಬಲದಿಂದ ನಡೆಯುವ ಸಣ್ಣ ಪ್ರಕಾಶನ ಅದು. ಚಂದಾದಾರರ ಹೆಸರುಗಳನ್ನು ಪುಸ್ತಕದ ಕೊನೆಯ ಪುಟಗಳಲ್ಲಿ ಅಚ್ಚು ಹಾಕುವುದು ಅದರ ರೂಢಿ. ಪೋಪ್ ಕವಿಯ ಕಾಲದ ಪದ್ಧತಿ, ಜಿ.ಬಿ. ಜೋಶಿಯವರು ಧಾರವಾಡದಲ್ಲಿ ನಂಬಿ ನಡೆದ ಪದ್ಧತಿ, ಹಳತಾಗಿ ಮೂಲೆ ಸೇರಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಮೊದಲ ಪುಸ್ತಕದ ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದು ಕೂತವರು ಮುದ್ರಣಾಲಯದ ದರಪಟ್ಟಿ ಕೇಳುವ ಮುನ್ನ ಒಂದು ಹಾಳೆ ತೆಗೆದುಕೊಂಡು, ಈ ಪುಸ್ತಕವನ್ನು ದುಡ್ಡು ಕೊಟ್ಟು ಓದಬಲ್ಲ ನೂರು ಜನರ ಹೆಸರು ಬರೆಯಲು ಪ್ರಯತ್ನಿಸಬಹುದು. ನೆಂಟರನ್ನು ಬಿಟ್ಟು. ಪಟ್ಟಿ ಇಪ್ಪತ್ತಕ್ಕೇ ನಿಂತರೆ ನಿರಾಶರಾಗಬೇಕಿಲ್ಲ. ಅಚ್ಚಿಗೆ ಕೊಡುವ ಮೊದಲು ಪತ್ರಿಕೆಗೆ ಬರೆಯುವುದು, ಗೆಳೆಯರ ಮುಂದೆ ಓದುವುದು, ಊರ ಗ್ರಂಥಾಲಯದಲ್ಲಿ ಮಾತನಾಡುವುದು ಇನ್ನೂ ಬಾಕಿಯಿದೆ ಎಂದಷ್ಟೇ ಅದರ ಅರ್ಥ.